ನೀವು ನೋಡೇ ಇಲ್ಲ ಅಂತೀರಲ್ಲ, ಆ ಸಿನಿಮಾ

ಸ್ವಲ್ಪ ಹತ್ತಿರ ಬನ್ನಿ. ಅತ್ತಿತ್ತ ನೋಡ್ಕೊಂಡೇ ಬನ್ನಿ, ಮನೆಯವರ ಕಿವಿಗೆ ಬೀಳೋದು ಬೇಡ. ಈಗ ನಿಜ ಹೇಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಟಿವಿ ಸೌಂಡ್ ಕಮ್ಮಿ ಮಾಡ್ಕೊಂಡು, ಒಬ್ಬರೇ ಕೂತು ರಬ್ಬರ್ ಡೈನೋಸಾರ್ ಸಿನಿಮಾ ನೋಡೋ ಚಟ ನಿಮಗೆ ಇದೆಯೋ ಇಲ್ವೋ? (ತಲೆ ಅಡ್ಡಡ್ಡ ಆಡಿಸ್ಬೇಡಿ. ಮುಖ ಬೇರೆಯದೇ ಹೇಳ್ತಿದೆ.)

ಯಾರಾದ್ರೂ ಕೇಳಿದ್ರೆ ನಿಮ್ಮ ಹತ್ರ ಉತ್ತರ ರೆಡಿ ಇರುತ್ತೆ, ಗೊತ್ತು ನಂಗೆ. 'ನಾನು ಸಿನಿಮಾ ನೋಡೋದೇ ಕಮ್ಮಿ ಕಣ್ರೀ. ನೋಡಿದ್ರೆ ಕಾಸರವಳ್ಳಿ, ಕುರೊಸಾವಾ, ಅಷ್ಟೇ' ಅಂತೀರಿ. ಕುರೊಸಾವಾ ಅನ್ನುವಾಗ ನಿಮ್ಮ ದನಿ ಒಂದು ಮೆಟ್ಟಿಲು ಕೆಳಗಿಳಿದು ಗಂಭೀರ ಆಗುತ್ತೆ, ಗಮನಿಸಿದ್ದೀರಾ? ಆ ದನಿಯಲ್ಲಿ ನೀವು ತರಕಾರಿ ರೇಟು ಕೇಳೋದಿಲ್ಲ.

ಸರಿ ಬಿಡಿ, ನೀವು ನೋಡಿಲ್ಲ. ನಾನೇ ಹೇಳ್ತೀನಿ, ಮೊದಲ ಸಲ ಕೇಳೋರ ಥರ ಮುಖ ಮಾಡ್ಕೊಂಡು ಕೂತ್ಕೊಳ್ಳಿ. ಸಿನಿಮಾ ಹೆಸರು 'ಕಾರ್ನೋಸಾರ್'. ಅಮೆರಿಕದ್ದು. ಡೈರೆಕ್ಟರು ಆಡಮ್ ಸೈಮನ್, ಹಿಂದೆ ನಿಂತು ಕಾಸು ಬಿಚ್ಚಿದ (ಅಥವಾ ಬಿಚ್ಚದೇ ಇದ್ದ) ಯಜಮಾನ ರೋಜರ್ ಕಾರ್ಮನ್. ಬಿಡುಗಡೆ ಆಗಿದ್ದು 1993ರ ಮೇ ತಿಂಗಳಲ್ಲಿ. ಆ ತಿಂಗಳನ್ನ ಇನ್ನೊಂದ್ಸಲ ಓದಿ. ಏನಾದ್ರೂ ವಾಸನೆ ಹೊಡೀತಾ?

ಹೊಡೀಬೇಕು! ಸ್ಪೀಲ್‌ಬರ್ಗ್ ಸಾಹೇಬರ 'ಜುರಾಸಿಕ್ ಪಾರ್ಕ್' ತೆರೆಗೆ ಬಂದಿದ್ದು ಅದೇ ವರ್ಷ ಜೂನ್ 11ಕ್ಕೆ. ಅಂದ್ರೆ ಕಾರ್ಮನ್ ತನ್ನ ಡೈನೋಸಾರನ್ನ ಕೆಲವೇ ವಾರ ಮುಂಚೆ ಬೀದಿಗೆ ಬಿಟ್ಟಿದ್ದ. ಇದು ಕಾಕತಾಳೀಯ ಅಂತ ನೀವು ನಂಬಿದ್ರೆ ನಿಮಗೊಂದು ಸೈಟ್ ಮಾರೋದಿದೆ, ಆಮೇಲೆ ಮಾತಾಡೋಣ.

ಲೆಕ್ಕ ಅರ್ಥ ಆಗ್ಲಿಲ್ವಾ? ಎದುರುಮನೆಯವರು ಅರಮನೆ ಮೈದಾನದಲ್ಲಿ ಮಗಳ ಮದುವೆ ಇಟ್ಕೊಂಡಿದ್ದಾರೆ ಅಂದ್ಕೊಳ್ಳಿ. ಇಡೀ ಬೀದಿ ಹಬ್ಬದ ಮೂಡಲ್ಲಿದೆ, ಸೀರೆ ಡ್ರೈಕ್ಲೀನಿಂಗ್‌ಗೆ ಹೋಗಿ ಬಂದಿದೆ, ಹೊಟ್ಟೆ ತಯಾರಾಗಿದೆ. ಆಗ ನೀವು ಒಂದು ತಿಂಗಳು ಮೊದಲೇ ಟೆರೇಸ್ ಮೇಲೆ ಶಾಮಿಯಾನ ಹಾಕ್ಸಿ ಮಗನ ನಾಮಕರಣ ಮಾಡಿಬಿಡೋದು. ಜನ ಬಂದೇ ಬರ್ತಾರೆ. ಉಟ್ಟ ಸೀರೆ ಯಾರಿಗಾದ್ರೂ ತೋರಿಸ್ಬೇಕಲ್ಲ ಅವರಿಗೂ!

ಕಾರ್ಮನ್ ಮಾಡಿದ್ದು ಇದನ್ನೇ. ಸ್ಪೀಲ್‌ಬರ್ಗ್ ಸುರಿದಿದ್ದು ಸುಮಾರು 6.3 ಕೋಟಿ ಡಾಲರ್. ಕಾರ್ಮನ್ ಮುಗಿಸಿದ್ದು ಹತ್ತು ಲಕ್ಷ ಡಾಲರ್ ಒಳಗೆ. ಡೈನೋಸಾರ್ ಅಂದ್ರೆ ಏನು ಅಂತ ಜಗತ್ತಿಗೆಲ್ಲ ಜಾಹೀರಾತು ಕೊಟ್ಟು ಸಾರೋ ಖರ್ಚು ಅವರದ್ದು, ಆ ಹವಾ ಮೇಲೆ ಟಿಕೆಟ್ ಹರಿಯೋದು ಇವರದ್ದು. ಹಾಕಿದ ಕಾಸು ವಾಪಸ್ ಬಂತಾ ಅಂತ ಕೇಳ್ತೀರಾ? ಬಂತು ಸ್ವಾಮಿ, ಮೇಲೆ ಒಂದಿಷ್ಟು ಲಾಭವನ್ನೂ ಕರ್ಕೊಂಡೇ ಬಂತು.

'ಅಯ್ಯೋ, ಕಾಪಿ ಹೊಡ್ದಿದ್ದಾನೆ' ಅಂತ ಮೂಗು ಮುರಿದ್ರಿ ನೋಡಿ ಈಗ. ಒಂದು ನಿಮಿಷ ತಡೀರಿ. ಮೈಕೆಲ್ ಕ್ರೈಟನ್ 'ಜುರಾಸಿಕ್ ಪಾರ್ಕ್' ಕಾದಂಬರಿ ಬರೆದಿದ್ದು 1990ರಲ್ಲಿ. 'ಕಾರ್ನೋಸಾರ್' ಅನ್ನೋ ಕಾದಂಬರಿ ಬಂದಿದ್ದು 1984ರಲ್ಲಿ. ಬರೆದೋನು ಆಸ್ಟ್ರೇಲಿಯಾದ ಜಾನ್ ಬ್ರಾಸ್ನನ್, ಹ್ಯಾರಿ ಆಡಮ್ ನೈಟ್ ಅನ್ನೋ ಗುಪ್ತನಾಮದಲ್ಲಿ. ಅದರಲ್ಲೂ ಒಬ್ಬ ದುಡ್ಡಿನ ಕುಳ, ಅವನದೊಂದು ಖಾಸಗಿ ಮೃಗಾಲಯ, ಅಲ್ಲಿಂದ ತಪ್ಪಿಸ್ಕೊಳ್ಳೋ ಡೈನೋಸಾರ್‌ಗಳು! ಕಾರ್ಮನ್ ಆ ಕಾದಂಬರಿ ಹಕ್ಕು ತಗೊಂಡ, ಕಥೆಯ ಮುಕ್ಕಾಲು ಪಾಲು ಬಿಸಾಕಿ ಹೆಸರು ಇಟ್ಕೊಂಡ. ಈಗ ಮುರಿದ ಮೂಗನ್ನ ನೆಟ್ಟಗೆ ಮಾಡ್ಕೊಳ್ಳಿ.

ಇನ್ನೊಂದು ಮಜಾ ಕೇಳಿ, ಇದು ನಿಮಗೆ ತುಂಬಾ ಇಷ್ಟ ಆಗೋ ಟೈಪಿನದು (ಸಂಬಂಧದ ವಿಷಯ ಅಂದ್ರೆ ನಿಮ್ಮ ಕಿವಿ ನೆಟ್ಟಗಾಗುತ್ತೆ). 'ಜುರಾಸಿಕ್ ಪಾರ್ಕ್'ನಲ್ಲಿ ಡೈನೋಸಾರ್‌ನಿಂದ ಓಡೋ ವಿಜ್ಞಾನಿ ಹುಡುಗಿ ಲಾರಾ ಡರ್ನ್. 'ಕಾರ್ನೋಸಾರ್'ನಲ್ಲಿ ಡೈನೋಸಾರ್ ಹುಟ್ಟಿಸೋ ಹುಚ್ಚು ವಿಜ್ಞಾನಿ ಡಯೇನ್ ಲ್ಯಾಡ್. ಇಬ್ಬರಿಗೂ ಏನು ಸಂಬಂಧ? ತಾಯಿ ಮಗಳು! ಸ್ವಂತ ತಾಯಿ, ಹೆತ್ತ ಮಗಳು.

ಆಯಮ್ಮ ಯಾರೋ ಸಿಕ್ಕವರು ಅಂದ್ಕೋಬೇಡಿ. ಅಷ್ಟೊತ್ತಿಗಾಗ್ಲೇ ಮೂರು ಸಲ ಆಸ್ಕರ್‌ಗೆ ನಾಮಿನೇಟ್ ಆಗಿದ್ದೋರು. ಅದರಲ್ಲಿ ಒಂದು, 'ರ‍್ಯಾಂಬ್ಲಿಂಗ್ ರೋಸ್' ಚಿತ್ರಕ್ಕೆ, ತಾಯಿ ಮಗಳಿಬ್ಬರಿಗೂ ಒಟ್ಟೊಟ್ಟಿಗೆ. ಅಂಥೋರು ಕಾರ್ಮನ್ ಕರೆದ ಅಂತ ಬಂದು ಕೋಳಿಮೊಟ್ಟೆ ಹಿಡ್ಕೊಂಡು ಮನುಷ್ಯಕುಲದ ನಾಶದ ಬಗ್ಗೆ ಡೈಲಾಗ್ ಹೊಡೀತಾರೆ. ಅದೂ ಹೇಗೆ? ಒಂಚೂರೂ ನಗದೆ, ಷೇಕ್ಸ್‌ಪಿಯರ್ ನಾಟಕ ಆಡ್ತಿರೋ ಶ್ರದ್ಧೆಯಲ್ಲಿ. ಇಡೀ ಸಿನಿಮಾದಲ್ಲಿ ಅಸಲಿ ಮಾಲು ಅಂದ್ರೆ ಅವರೊಬ್ಬರೇ.

ಕಥೆ ಏನು ಅಂದ್ರಾ? ನೆವಾಡಾ ಮರುಭೂಮಿಯ ಒಂದು ಸಣ್ಣ ಊರು. ಪಕ್ಕದಲ್ಲಿ ಯೂನಿಸ್ ಅನ್ನೋ ಕಂಪನಿಯ ಕೋಳಿ ಪ್ಲಾಂಟು. ಒಳಗೆ ಡಾ. ಜೇನ್ ಟಿಪ್‌ಟ್ರೀ ಅನ್ನೋ ತಳಿವಿಜ್ಞಾನಿ (ನಮ್ಮ ಡಯೇನಮ್ಮ) ಕೋಳಿಯ ಜೀನ್‌ಗಳ ಜತೆ ಆಟ ಆಡಿ ಡೈನೋಸಾರ್ ಮರಿ ಹುಟ್ಟಿಸಿದ್ದಾರೆ. ಕೋಳಿ ಸಾಗಿಸೋ ಲಾರಿಯಿಂದ ಒಂದು ಮರಿ ತಪ್ಪಿಸ್ಕೊಳ್ಳುತ್ತೆ. ಡ್ರೈವರ್ ಕಥೆ ಮೊದಲ ಹತ್ತು ನಿಮಿಷಕ್ಕೇ ಮುಗೀತು.

ಇಲ್ಲಿವರೆಗೆ ಸರಿ. ಆದ್ರೆ ಡಯೇನಮ್ಮನ ಅಸಲಿ ಪ್ಲಾನ್ ಇನ್ನೂ ಕೆಳಗಿದೆ. ಕೋಳಿ, ಮೊಟ್ಟೆ ಮೂಲಕ ಒಂದು ವೈರಸ್ ಊರಿಗೆ ಹರಡುತ್ತೆ. ಜನಕ್ಕೆ ಫ್ಲೂ ಥರ ಜ್ವರ, ಕೆಮ್ಮು. ಆಮೇಲೆ ಹೆಂಗಸರ ಹೊಟ್ಟೆಯಿಂದ ಮಕ್ಕಳ ಬದಲು ಡೈನೋಸಾರ್ ಹುಟ್ಟುತ್ತೆ, ಹೆತ್ತೋರು ಸಾಯ್ತಾರೆ. ಹೀಗೆ ಮನುಷ್ಯರ ಸಂತತಿ ನಿಲ್ಲಿಸಿ ಭೂಮಿಯನ್ನ ಮತ್ತೆ ಡೈನೋಸಾರ್‌ಗಳಿಗೆ ವಾಪಸ್ ಕೊಡೋದು ಅವರ ಆಸೆ. (ನೀವು ಇದನ್ನ ನೋಡ್ತಾ ಕೈಯಲ್ಲಿ ಹಿಡ್ಕೊಂಡಿರೋದು ಏನು? ಚಿಕನ್ ಕಬಾಬ್. ಪ್ಲೇಟ್ ಪಕ್ಕಕ್ಕಿಟ್ರಾ? ಇಡಲ್ಲ. ಲೆಗ್ ಪೀಸ್ ಮುಗಿಸಿಯೇ 'ಛೀ' ಅಂತೀರಿ.)

ಹೀರೋ ಒಬ್ಬ ಬೇಕಲ್ಲ, ಇದ್ದಾನೆ. ಡಾಕ್ ಅಂತ. ಅಗೆಯೋ ಮಿಷನ್‌ಗಳನ್ನ ಕಾಯೋ ರಾತ್ರಿ ವಾಚ್‌ಮ್ಯಾನ್, ಕೈಯಲ್ಲಿ ಯಾವಾಗ್ಲೂ ಬಾಟ್ಲಿ. ನಾಯಕಿ ಥ್ರಶ್, ಪರಿಸರ ಹೋರಾಟಗಾರ್ತಿ. ಕುಡುಕ ಮತ್ತು ಚಳವಳಿಗಾರ್ತಿ ಸೇರಿ ಜಗತ್ತು ಉಳಿಸ್ಬೇಕು. ಕಾರ್ಮನ್ ಬಜೆಟ್‌ನಲ್ಲಿ ಜಗತ್ತು ಉಳಿಸೋಕೆ ಇಷ್ಟೇ ಜನ ಸಿಗೋದು.

ಈಗ ಒಂದು ಸೀನ್ ಹತ್ತಿರದಿಂದ ನೋಡೋಣ ಬನ್ನಿ. ರಾತ್ರಿ. ಚಳವಳಿಯ ಹುಡುಗ ಹುಡುಗಿಯರು ಭೂಮಿ ಅಗೆಯೋ ಯಂತ್ರಗಳಿಗೆ ಸರಪಳಿಯಿಂದ ತಮ್ಮನ್ನ ಬಿಗಿದುಕೊಂಡು ಕೂತಿದ್ದಾರೆ. ಬೆಳಿಗ್ಗೆ ಕೆಲಸ ಶುರು ಆಗದ ಹಾಗೆ ತಡೆಯೋ ಪ್ಲಾನು. ಪೊಲೀಸರು ಬಂದು ಎಳೀಲಿ, ಪೇಪರ್‌ನಲ್ಲಿ ಫೋಟೋ ಬರಲಿ ಅಂತ. ಬರೋದು ಯಾರು? ಲಾರಿಯಿಂದ ತಪ್ಪಿಸ್ಕೊಂಡ ಆ ಡೈನೋಸಾರ್, ಡೈನಾನಿಕಸ್! ಓಡೋಣ ಅಂದ್ರೆ ಬೀಗ ಹಾಕ್ಕೊಂಡಿರೋರು ಅವರೇ.

ನಿಮಗೆ ಆಗ ನಗು ಬಂತು. ಬಂತು ತಾನೇ? ಹುಡುಗರು ಸಾಯ್ತಿದ್ದಾರೆ, ಟೊಮೆಟೊ ಕೆಂಪಿನ ರಕ್ತ ಚಿಮ್ತಾ ಇದೆ, ನೀವು ಬಾಯಿಗೆ ಟವೆಲ್ ಇಟ್ಕೊಂಡು ನಗ್ತಿದ್ದೀರಿ. ಒಳ್ಳೇ ಮನೆತನದೋರು ಬೇರೆ. ಪಕ್ಕದ್ಮನೆ ನಾಯಿಗೆ ಕಾಲು ನೋವಾದ್ರೂ ಅರಿಶಿನ ತಗೊಂಡು ಓಡೋ ಮನುಷ್ಯರು ನೀವು!

ಯಾಕೆ ನಕ್ಕಿದ್ದು ಹೇಳ್ಲಾ? ನಿಮ್ಮ ಕಣ್ಣು ಹುಡುಗರ ಮೇಲೆ ಇರಲೇ ಇಲ್ಲ. ಡೈನೋಸಾರ್ ಮಂಡಿ ಮೇಲಿತ್ತು. 'ಅದು ಸೂಟ್ ಕಣೇ, ಒಳಗೆ ಮನುಷ್ಯ ಇದ್ದಾನೆ, ನೋಡು ನೋಡು, ಕಾಲು ಮಡಚಿದ ರೀತಿ ನೋಡು' ಅಂತ ಯಾರೂ ಇಲ್ಲದ ಹಾಲ್‌ನಲ್ಲಿ ಯಾರಿಗೋ ತೋರಿಸ್ತಿದ್ರಿ. ಅಸಲಿ ಡೈನೋಸಾರ್ ನಡೆಯೋದು ಹಕ್ಕಿ ಥರ, ಬೆರಳ ಮೇಲೆ, ಹಿಮ್ಮಡಿ ಎತ್ತಿ. ಸೂಟ್ ಹಾಕಿದ ಮನುಷ್ಯ ಎಷ್ಟೇ ಗುರ್ರೆಂದ್ರೂ ಹಿಮ್ಮಡಿ ನೆಲಕ್ಕೆ ಬಿದ್ದೇ ಬೀಳುತ್ತೆ. ಅದನ್ನ ಹಿಡಿಯೋಕೆ ಅಂತಲೇ ನೀವು ಕಾದು ಕೂತಿರ್ತೀರಿ.

ಡೈರೆಕ್ಟರ್‌ಗೂ ಗೊತ್ತು ನೀವು ಕಾಯ್ತಿದ್ದೀರಿ ಅಂತ. ಅದಕ್ಕೇ ರಾತ್ರಿ ಶೂಟಿಂಗ್. ಅದಕ್ಕೇ ಹೊಗೆ. ಅದಕ್ಕೇ ಒಂದು ಶಾಟ್‌ನಲ್ಲಿ ತಲೆ ಮಾತ್ರ, ಇನ್ನೊಂದರಲ್ಲಿ ಉಗುರು ಮಾತ್ರ, ಮೂರನೇದರಲ್ಲಿ ಹೀರೋಯಿನ್ ಕಿರುಚೋ ಬಾಯಿ. ಮೂರನ್ನೂ ಪಟಪಟ ಅಂತ ಅಂಟಿಸಿದ್ರೆ ಒಂದು ಪೂರ್ತಿ ಪ್ರಾಣಿ ನಿಮ್ಮ ತಲೆಯೊಳಗೆ ತಯಾರು. ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಕಾಸಿಲ್ಲ, ಹಾಗಾಗಿ ಗ್ರಾಫಿಕ್ಸ್ ಕೆಲಸ ನಿಮ್ಮಿಂದಲೇ ಮಾಡಿಸಿದ್ರು, ಅದೂ ಬಿಟ್ಟಿಯಾಗಿ!

ಬೊಂಬೆಗಳ ಉಸ್ತುವಾರಿ ಜಾನ್ ಕಾರ್ಲ್ ಬ್ಯೂಕ್ಲರ್ ಅನ್ನೋ ಕಸುಬುದಾರರದು. ಒಳಗೆ ಮನುಷ್ಯ ಹೊಕ್ಕ ಸೂಟು, ಕೈಯಲ್ಲಿ ಆಡಿಸೋ ಬೊಂಬೆ, ಸಣ್ಣ ಮಾಡೆಲ್ಲು, ಯಂತ್ರ ಇಟ್ಟು ಅಲ್ಲಾಡಿಸೋ ದೊಡ್ಡ ಟಿ. ರೆಕ್ಸು, ಎಲ್ಲಾ ಇವರ ಕಡೆಯವು. ಒಂದೇ ಪ್ರಾಣಿ ಶಾಟ್‌ನಿಂದ ಶಾಟ್‌ಗೆ ಗಾತ್ರ ಬದಲಾಯಿಸುತ್ತೆ. ನೀವು 'ಆಹಾ, ಸಿಕ್ಕಿಬಿದ್ದ' ಅಂತ ತೊಡೆ ತಟ್ಕೋತೀರಿ.

(ನಿಮ್ಮ ದುಬಾರಿ 'ಜುರಾಸಿಕ್ ಪಾರ್ಕ್'ನಲ್ಲೂ ರಬ್ಬರ್ ಇತ್ತು ಅನ್ನೋದನ್ನ ಮರೀಬೇಡಿ. ಮಳೆ ಸೀನಲ್ಲಿ ಕಾರ್ ಮೇಲೆ ಎರಗುತ್ತಲ್ಲ ಟಿ. ರೆಕ್ಸ್, ಅದರ ಫೋಮ್ ಚರ್ಮ ನೀರು ಹೀರ್ಕೊಂಡು, ತೂಕ ಜಾಸ್ತಿಯಾಗಿ, ಯಂತ್ರ ಚಳಿ ಹತ್ತಿದೋರ ಥರ ಗಡಗಡ ನಡುಗ್ತಿತ್ತಂತೆ. ಟೇಕ್ ಮಧ್ಯೆ ಜನ ಟವೆಲ್ ಹಿಡ್ಕೊಂಡು ಅದರ ಮೈ ಒರೆಸ್ತಿದ್ರು. 127 ನಿಮಿಷದ ಸಿನಿಮಾದಲ್ಲಿ ಡೈನೋಸಾರ್ ಕಾಣಿಸೋದು ಸುಮಾರು ಹದಿನೈದೇ ನಿಮಿಷ. ಅಲ್ಲೂ ಮುಖ್ಯವಾದ ಸೀನು ರಾತ್ರಿ, ಮಳೆಯಲ್ಲೇ. ಬಚ್ಚಿಡೋ ವಿದ್ಯೆ ಇಬ್ಬರದ್ದೂ ಒಂದೇ.)

ಇನ್ನು ಕ್ಲೈಮ್ಯಾಕ್ಸು. ಅದನ್ನ ಹೇಳದೆ ಬಿಡೋಕಾಗಲ್ಲ. ಟಿ. ರೆಕ್ಸ್ ಎದುರಿಗೆ ಬಂದು ನಿಂತಿದೆ. ಹೀರೋ ಹತ್ರ ಏನಿದೆ? ಬಾಂಬ್? ಇಲ್ಲ. ಹೆಲಿಕಾಪ್ಟರ್? ಕಾಸಿಲ್ಲ. ಮಣ್ಣು ಎತ್ತೋ ಲೋಡರ್ ಇದೆ! ಅದೇ, ಮುಂದೆ ಬಕೆಟ್ ಇರೋ ಪುಟ್ಟ ಗಾಡಿ. ಡಾಕ್ ಹತ್ತಿ ಕೂತು, ಬಕೆಟ್ ಎತ್ತಿ, ಡೈನೋಸಾರ್ ರಾಜನ ಜತೆ ಕುಸ್ತಿಗೆ ಬೀಳ್ತಾನೆ.

ನೀವು ಎದ್ದು ಕೂತ್ರಿ. ಹೌದು, ಎದ್ದು ಕೂತ್ರಿ! ಅದುವರೆಗೂ ದಿಂಬಿಗೆ ಒರಗಿದ್ದೋರು. ನಮ್ಮ ಬೀದಿಯಲ್ಲಿ ಜೆಸಿಬಿ ಬಂದು ಚರಂಡಿ ತೋಡ್ತಿದ್ರೆ ಆಫೀಸಿಗೆ ಲೇಟಾದ್ರೂ ನಿಂತು ನೋಡೋ ಜನ ನಾವು. ಅಂಥಾ ಗಾಡಿ ಟಿ. ರೆಕ್ಸ್ ಹೊಟ್ಟೆಗೆ ಗುದ್ದೋದು ಕಂಡ್ರೆ ಸುಮ್ನಿರ್ತೀವಾ? ಇಷ್ಟಾದ ಮೇಲೆ ಹೀರೋ ಗೆದ್ದ, ಶುಭಂ ಅಂದ್ಕೊಂಡ್ರಾ? ಸರ್ಕಾರಿ ಸೈನಿಕರು ಬಂದು ಹೀರೋ, ಹೀರೋಯಿನ್ ಇಬ್ಬರನ್ನೂ ಗುಂಡಿಟ್ಟು ಕೊಂದು, ಸುಟ್ಟು ಹಾಕ್ತಾರೆ. ಅಲ್ಲಿಗೆ ಸಿನಿಮಾ ಮುಗೀತು. ಸ್ಪೀಲ್‌ಬರ್ಗ್‌ಗೆ ಇಷ್ಟು ಧೈರ್ಯ ಇರ್ಲಿಲ್ಲ ನೋಡಿ.

ಈಗ ನಿಮ್ಮೊಳಗಿನ ಪಿಯುಸಿ ಸೈನ್ಸ್ ಎದ್ದು ಕೂರುತ್ತೆ. ಬಲ್ಲೆ. ಯಾವ ಡೈನೋಸಾರ್ ಸಿನಿಮಾ ಬಂದ್ರೂ, ಯಾರೂ ಕೇಳದಿದ್ರೂ, 'ಟಿ. ರೆಕ್ಸ್ ಜುರಾಸಿಕ್ ಕಾಲದ್ದಲ್ಲ ಕಣ್ರೀ, ಕ್ರಿಟೇಷಿಯಸ್ ಕಾಲದ್ದು' ಅಂತ ಒಂದ್ಸಲ ಹೇಳದಿದ್ರೆ ನಿಮಗೆ ಊಟ ಸೇರಲ್ಲ. ಹೇಳಿದ್ದು ಸರಿ ಸ್ವಾಮಿ, ಪೂರ್ತಿ ಸರಿ. ಆದ್ರೆ ಹೇಳಿದ ಮೇಲೆ ಸುತ್ತ ಒಂದು ರೌಂಡ್ ನೋಡ್ತೀರಲ್ಲ, ಯಾರ ಮುಖದಲ್ಲಿ ಮೆಚ್ಚುಗೆ ಇದೆ ಅಂತ, ಅದೇ ನನಗೆ ಇಷ್ಟ.

'ಕೋಳಿಯಿಂದ ಡೈನೋಸಾರ್! ಎಂಥಾ ಬುರುಡೆ!' ಅಂತ ನೀವು ಬಿಡೋ ಮುಂಚೆ ಇದನ್ನ ಕೇಳಿ. 'ಜುರಾಸಿಕ್ ಪಾರ್ಕ್'ನಲ್ಲಿ ಏನ್ಮಾಡಿದ್ರು? ಮರದ ಅಂಟಿನಲ್ಲಿ ಸಿಕ್ಕಿ ಶಿಲೆಯಾದ ಸೊಳ್ಳೆ, ಅದರ ಹೊಟ್ಟೆಯ ರಕ್ತ, ಆ ರಕ್ತದಿಂದ ಡಿಎನ್‌ಎ. ಕೇಳೋಕೆ ಎಷ್ಟು ಚೆಂದ! ಆದ್ರೆ 2012ರಲ್ಲಿ ವಿಜ್ಞಾನಿಗಳು ನ್ಯೂಜಿಲೆಂಡಿನ ಮೋವಾ ಅನ್ನೋ ಅಳಿದುಹೋದ ಹಕ್ಕಿಯ ಮೂಳೆ ಪರೀಕ್ಷೆ ಮಾಡಿ, ಡಿಎನ್‌ಎ ಕೊಂಡಿಗಳಲ್ಲಿ ಅರ್ಧದಷ್ಟು 521 ವರ್ಷಕ್ಕೇ ಮುರಿದುಹೋಗುತ್ತೆ ಅಂತ ಲೆಕ್ಕ ಹಾಕಿದ್ರು. ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷ ಆಯ್ತು. ಅರ್ಧದ ಅರ್ಧ, ಅದರ ಅರ್ಧ... ಮಾಡ್ತಾ ಹೋಗಿ, ಬೆಳಗಾಗುತ್ತೆ. ಉಳಿಯೋದು ಸೊಳ್ಳೆ ಮಾತ್ರ.

ಕೋಳಿ? ಕೋಳಿ ಬದುಕೇ ಇದೆಯಲ್ಲ! ಹಕ್ಕಿಗಳೆಲ್ಲ ಡೈನೋಸಾರ್ ವಂಶದ ಕುಡಿಗಳೇ ಅನ್ನೋದನ್ನ ಈಗ ವಿಜ್ಞಾನ ಒಪ್ಪುತ್ತೆ. 2015ರಲ್ಲಿ ಅಮೆರಿಕದ ಸಂಶೋಧಕರು ಕೋಳಿ ಭ್ರೂಣದಲ್ಲಿ ಕೊಕ್ಕು ಬೆಳೆಸೋ ಪ್ರೋಟೀನ್‌ಗಳನ್ನ ತಡೆದು, ಹಳೇ ಡೈನೋಸಾರ್‌ಗಳ ಮೂತಿ ಹೋಲುವ ಮೂಳೆ ರಚನೆ ಬರೋ ಹಾಗೆ ಮಾಡಿ ತೋರಿಸಿದ್ರು. (ಮರಿ ಮಾಡಲಿಲ್ಲ, ಭ್ರೂಣದಲ್ಲೇ ನಿಲ್ಲಿಸಿದ್ರು. ಅವರು 'ಕಾರ್ನೋಸಾರ್' ನೋಡಿದ್ರೋ ಏನೋ.)

ಇನ್ನೂ ಸ್ವಾರಸ್ಯ ಬೇಕಾ? ಜ್ಯಾಕ್ ಹಾರ್ನರ್ ಅಂತ ದೊಡ್ಡ ಪಳೆಯುಳಿಕೆ ವಿಜ್ಞಾನಿ. 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ವಿಜ್ಞಾನದ ಸಲಹೆಗಾರರು ಇವರೇ. ಆಮೇಲೆ ಅವರು ಹಿಂದೆ ಬಿದ್ದಿದ್ದು ಯಾವುದರ? ಸೊಳ್ಳೆಯದ್ದಲ್ಲ, ಕೋಳಿಯದ್ದು! ಕೋಳಿಯ ಬೆಳವಣಿಗೆ ತಿರುಗಿಸಿ ಬಾಲ, ಹಲ್ಲು ಬರಿಸೋದು ಹೇಗೆ ಅಂತ 2009ರಲ್ಲಿ ಒಂದು ಪುಸ್ತಕವನ್ನೇ ಬರೆದ್ರು. ಆರು ಕೋಟಿ ಡಾಲರ್ ಸಿನಿಮಾದ ಗುರುಗಳು ಕೊನೆಗೆ ಬಂದು ನಿಂತಿದ್ದು ತಗಡು ಸಿನಿಮಾದ ಕೋಳಿಗೂಡಿನ ಮುಂದೆ.

ಹೆಸರಿನ ವಿಷಯದಲ್ಲೂ ತಗಡೇ ಗೆದ್ದಿದೆ. ಸ್ಪೀಲ್‌ಬರ್ಗ್ ಅಡುಗೆಮನೆಗೆ ನುಗ್ಗಿಸಿದ ಪ್ರಾಣಿಗೆ 'ವೆಲಾಸಿರಾಪ್ಟರ್' ಅಂದ್ರು. ಅಸಲಿ ವೆಲಾಸಿರಾಪ್ಟರ್ ಟರ್ಕಿ ಕೋಳಿ ಗಾತ್ರದ್ದು, ಮೈತುಂಬ ಗರಿ, ನಿಮ್ಮ ಮಂಡಿ ದಾಟಿದ್ರೆ ಜಾಸ್ತಿ. ಅದಕ್ಕಿಂತ ದೊಡ್ಡ ನೆಂಟ ಡೈನಾನಿಕಸ್, ಜಾನ್ ಆಸ್ಟ್ರಮ್ ಅನ್ನೋ ವಿಜ್ಞಾನಿ 1969ರಲ್ಲಿ ಹೆಸರಿಟ್ಟಿದ್ದು. ಕಾರ್ಮನ್ ಸಿನಿಮಾದಲ್ಲಿ ಅದನ್ನ ಅದರ ಹೆಸರಲ್ಲೇ ಕರೆದಿದ್ದಾರೆ. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಪಾರ್ಟಿಯಲ್ಲಿ ಹೇಳೋಕೆ ಆಗುತ್ತೆ. ಕ್ರಿಟೇಷಿಯಸ್ ಹಳಸಿಹೋಗಿದೆ.

ಹಾಗಂತ 'ಕಾರ್ನೋಸಾರ್' ವಿಜ್ಞಾನದ ಗ್ರಂಥ ಅಂತ ನಾನು ಹೇಳ್ತಾ ಇಲ್ಲ. ಮೊಟ್ಟೆ ತಿಂದೋರ ಹೊಟ್ಟೆಯಲ್ಲಿ ಡೈನೋಸಾರ್ ಹುಟ್ಟೋದು ಶುದ್ಧ ಲೊಟ್ಟೆ. ಅದರ ಮುಂದೆ ಸೊಳ್ಳೆ ರಕ್ತ ಎಷ್ಟೋ ವಾಸಿ. ಅಮೆರಿಕದ ಟಿವಿಯಲ್ಲಿ ಸಿನಿಮಾ ಮಾರ್ಕು ಹಾಕೋ ಜೋಡಿ ಇತ್ತಲ್ಲ, ಸಿಸ್ಕಲ್ ಮತ್ತು ಎಬರ್ಟ್, ಅವರೂ ಈ ಸಿನಿಮಾ ವಿಷಯಕ್ಕೆ ಎರಡು ಪಾಲಾದ್ರು. ಸಿಸ್ಕಲ್ ಹೆಬ್ಬೆರಳು ಮೇಲೆ, ಎಬರ್ಟ್ ಹೆಬ್ಬೆರಳು ಕೆಳಗೆ. ನಿಮ್ಮದು? ಜನರ ಮುಂದೆ ಕೆಳಗೆ, ಹೊದಿಕೆ ಒಳಗೆ ಮೇಲೆ. ಸರಿ ತಾನೇ?

ಈಗ ನಿಜವಾದ ಪ್ರಶ್ನೆಗೆ ಬರೋಣ. ಇಷ್ಟು ಬೈದ್ರಿ, ಇಷ್ಟು ನಕ್ಕಿದ್ರಿ, ಬೊಂಬೆಯ ಹೊಲಿಗೆ ಕೂಡ ಹಿಡಿದ್ರಿ. ಮತ್ತೆ ರಿಮೋಟ್ ಯಾಕೆ ಒತ್ತಲಿಲ್ಲ? ಬೆರಳಿಗೆ ಏನಾಗಿತ್ತು? 'ಇಷ್ಟು ನೋಡಿದ್ದೀನಲ್ಲ, ಕೊನೆ ನೋಡಿಬಿಡೋಣ' ಅಂದ್ರಿ. ಅದು ನೆಪ. ಒಳ್ಳೇ ಸಿನಿಮಾ ಅಂತ ಹೊಗಳ್ತೀರಲ್ಲ, ಅದನ್ನೇ ನೀವು ಮಧ್ಯದಲ್ಲಿ ನಿಲ್ಲಿಸಿ 'ನಾಳೆ ನೋಡೋಣ' ಅಂತ ಇಟ್ಟು, ಆ ನಾಳೆ ಇನ್ನೂ ಬಂದಿಲ್ಲ.

ನಾನು ಹೇಳ್ಲಾ ಕಾರಣ? ದೊಡ್ಡ ಸಿನಿಮಾ ಮುಂದೆ ನೀವು ಬರೀ ಪ್ರೇಕ್ಷಕ. ಬಾಯಿ ತೆರ್ಕೊಂಡು ಕೂರ್ಬೇಕು, ಅಷ್ಟೇ. ಅದು ನಿಮ್ಮನ್ನ ಒಂದು ಮಾತೂ ಕೇಳಲ್ಲ. ತಗಡು ಸಿನಿಮಾ ಮುಂದೆ ಹಾಗಲ್ಲ, ನೀವು ಸಾಹೇಬರು. ಡೈರೆಕ್ಟರ್‌ನ ತಪ್ಪು ಹಿಡಿಯೋರು, ಕ್ಯಾಮೆರಾಮನ್‌ಗೆ ಬುದ್ಧಿ ಹೇಳೋರು, ಎಡಿಟರ್‌ನ ಕೆಲಸದಿಂದ ತೆಗೆಯೋರು. ದಿನವಿಡೀ ಆಫೀಸಲ್ಲಿ ಬೇರೆಯವರ ಕೈಯಲ್ಲಿ ತಪ್ಪು ಹಿಡಿಸ್ಕೊಂಡು ಬಂದಿರ್ತೀರಿ. ರಾತ್ರಿ ಹನ್ನೊಂದಕ್ಕೆ ಒಂದು ಪಾಪದ ರಬ್ಬರ್ ಪ್ರಾಣಿ ಸಿಕ್ಕಿದೆ. ಬಿಡ್ತೀರಾ ನೀವು?

ಹೆದರಿಕೆನೂ ಅಷ್ಟೇ. ನಿಮಗೆ ಹೆದರಬೇಕು ಅಂತ ಆಸೆ, ಆದ್ರೆ ಹೆದರಿದ್ದು ಗೊತ್ತಾಗ್ಬಾರದು. ಬೆರಳ ಸಂದಿಯಿಂದ ನೋಡ್ತಾ ನೋಡ್ತಾ 'ಏನೂ ಹೆದರಿಕೆ ಇಲ್ಲಪ್ಪ, ಬೊಂಬೆ' ಅನ್ನೋಕೆ ಒಂದು ಅವಕಾಶ ಬೇಕು. ಆ ಅವಕಾಶವನ್ನ ಟಿಕೆಟ್ ಜತೆ ಕೊಡೋನು ಕಾರ್ಮನ್. (ಆದ್ರೂ ಸಿನಿಮಾ ಮುಗಿದ ಮೇಲೆ ಬಚ್ಚಲಿಗೆ ಹೋಗುವಾಗ ಪ್ಯಾಸೇಜ್ ಲೈಟ್ ಹಾಕ್ಕೊಂಡೇ ಹೋದ್ರಲ್ಲ. ಯಾರೂ ನೋಡಲಿಲ್ಲ ಅಂದ್ಕೊಂಡಿದ್ರಿ.)

ಈ ಕಾರ್ಮನ್‌ನ ನೀವು ಸಣ್ಣೋನು ಅಂದ್ಕೋಬೇಡಿ. ಹುಟ್ಟಿದ್ದು 1926, ತೀರಿಕೊಂಡಿದ್ದು 2024ರಲ್ಲಿ, 98ನೇ ವಯಸ್ಸಿಗೆ. ನೂರು ಸಿನಿಮಾ ಮಾಡಿಯೂ ಒಂದು ಬಿಡಿಗಾಸೂ ಕಳ್ಕೊಳ್ಳಲಿಲ್ಲ ಅಂತ ಆತ್ಮಕಥೆಯ ಹೆಸರಲ್ಲೇ ಜಂಬ ಕೊಚ್ಕೊಂಡ ಮನುಷ್ಯ. 1960ರಲ್ಲಿ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' ಸಿನಿಮಾದ ಮುಖ್ಯ ಶೂಟಿಂಗನ್ನ ಎರಡು ಹಗಲು, ಒಂದು ರಾತ್ರಿಯಲ್ಲಿ ಮುಗಿಸಿದ. ನೀವು ಬಾತ್‌ರೂಮ್ ಟೈಲ್ಸ್ ಬಣ್ಣ ಆರಿಸೋಕೆ ತಗೊಂಡ ಟೈಮ್ ಇದಕ್ಕಿಂತ ಜಾಸ್ತಿ.

ಸೆಟ್ ಉಳಿದಿದ್ರೆ ಅದರಲ್ಲೇ ಇನ್ನೊಂದು ಸಿನಿಮಾ. ನಟನ ಕಾಲ್‌ಶೀಟ್ ಎರಡು ದಿನ ಉಳಿದಿದ್ರೆ ಅದಕ್ಕೂ ಒಂದು ಸಿನಿಮಾ. 1963ರ 'ದಿ ಟೆರರ್' ಹುಟ್ಟಿದ್ದೇ ಹಾಗೆ, ಬೋರಿಸ್ ಕಾರ್ಲಾಫ್‌ನ ಉಳಿದ ದಿನಗಳಲ್ಲಿ, ಬೇರೆ ಚಿತ್ರಕ್ಕೆ ಹಾಕಿದ ಸೆಟ್‌ನಲ್ಲಿ. ದೊಡ್ಡೋರು 'ಜಾಸ್' ಅಂತ ಶಾರ್ಕ್ ಬಿಟ್ರೆ ಇವನ ಕಂಪನಿ 1978ರಲ್ಲಿ ಪಿರಾನಾ ಮೀನು ಬಿಟ್ಟಿತು. 'ಸ್ಟಾರ್ ವಾರ್ಸ್' ಬಂದ್ರೆ 1980ರಲ್ಲಿ 'ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್'. ಆ ಚಿತ್ರಕ್ಕೆ ಆರ್ಟ್ ಡೈರೆಕ್ಷನ್ ಮಾಡ್ತಿದ್ದ ಹುಡುಗ ಯಾರು ಗೊತ್ತಾ? ಜೇಮ್ಸ್ ಕ್ಯಾಮರೂನ್. ಮುಂದೆ 'ಟೈಟಾನಿಕ್' ಮುಳುಗಿಸಿ ದುಡ್ಡು ಎತ್ತಿದ್ನಲ್ಲ, ಅವನೇ.

ಕೊಪ್ಪೊಲಾ, ಸ್ಕಾರ್ಸೆಸಿ, ಜೊನಾಥನ್ ಡೆಮಿ, ರಾನ್ ಹೋವರ್ಡ್, ಇವರೆಲ್ಲ ಶುರುವಿನಲ್ಲಿ ಕಾರ್ಮನ್ ಕೈಕೆಳಗೆ ಪಳಗಿದೋರು. ಜ್ಯಾಕ್ ನಿಕೋಲ್ಸನ್ ಮೊದಲು ತೆರೆಗೆ ಬಂದಿದ್ದೂ ಈತನ ನಿರ್ಮಾಣದ ಚಿತ್ರದಲ್ಲೇ. 2009ರಲ್ಲಿ ಆಸ್ಕರ್‌ನೋರು ಕರೆದು ಗೌರವ ಪ್ರಶಸ್ತಿ ಕೊಟ್ರು. ಅಂದ್ರೆ ನೀವು ಕಾಲರ್ ಎತ್ತಿ ಹೆಸರು ಹೇಳೋ ಕ್ಲಾಸ್ ಡೈರೆಕ್ಟರ್‌ಗಳಲ್ಲಿ ಅರ್ಧ ಜನ, ನೀವು ಕದ್ದು ನೋಡೋ ತಗಡಿನ ಯಜಮಾನನ ಗರಡಿಯ ಹುಡುಗರು!

ಈಗ ನಾಚಿಕೆ ಬಿಡಿ. 'ಹೌದು, ನೋಡಿದೆ, ಮಜಾ ಬಂತು' ಅಂತ ಒಂದ್ಸಲ ಜೋರಾಗಿ ಹೇಳಿ. ಹೇಳಲ್ವಾ? ಹೋಗ್ಲಿ, ಮನಸ್ಸಲ್ಲೇ ಹೇಳ್ಕೊಳ್ಳಿ. ಕಾರ್ಮನ್‌ಗೆ ನಿಮ್ಮ ಒಪ್ಪಿಗೆ ಪತ್ರ ಬೇಕಾಗಿರ್ಲಿಲ್ಲ. ಮೆಚ್ಚಿ ನೋಡಿದೋರ ಟಿಕೆಟ್ಟು, ಬೈದು ನೋಡಿದೋರ ಟಿಕೆಟ್ಟು, ಎರಡಕ್ಕೂ ಬೆಲೆ ಒಂದೇ. ಅವನ ಲೆಕ್ಕದ ಪುಸ್ತಕದಲ್ಲಿ ನೀವು ವಿಮರ್ಶಕರ ಪಟ್ಟಿಯಲ್ಲಿಲ್ಲ, ಗಿರಾಕಿಗಳ ಪಟ್ಟಿಯಲ್ಲಿದ್ದೀರಿ.

ಅರೆ, ಫೋನ್ ಯಾಕೆ ತೆಗೆದ್ರಿ? ಎರಡನೇ ಭಾಗ ಇದೆಯಾ ಅಂತ ಹುಡುಕ್ತಿದ್ದೀರಾ? ನಾನೇ ಹೇಳ್ತೀನಿ ಬಿಡಿ. 'ಕಾರ್ನೋಸಾರ್ 2' ಬಂದಿದ್ದು 1995ರಲ್ಲಿ. 'ಏಲಿಯನ್ಸ್' ಸಿನಿಮಾದಲ್ಲಿ ಏಲಿಯನ್ ತೆಗೆದು ಡೈನೋಸಾರ್ ಹಾಕಿದ್ರೆ ಅದೇ. ಮೂರನೇದು 1996ರಲ್ಲಿ. ಅದರಲ್ಲಿ ಉಗ್ರಗಾಮಿಗಳು ಯುರೇನಿಯಂ ಅಂತ ಒಂದು ಟ್ರಕ್ ಕದೀತಾರೆ, ಬಾಗಿಲು ತೆಗೆದ್ರೆ ಒಳಗೆ ಡೈನೋಸಾರ್. (ನಕ್ಕಿದ್ದು ಸಾಕು, ಮಕ್ಕಳು ಏಳ್ತಾರೆ.)

ಕೊನೆಗೆ 2001ರಲ್ಲಿ ಕಾರ್ಮನ್ 'ರಾಪ್ಟರ್' ಅಂತ ಇನ್ನೊಂದು ಮಾಡಿಸಿದ. ಅದರ ಡೈನೋಸಾರ್ ಸೀನುಗಳು ಎಲ್ಲಿಂದ ಬಂದ್ವು? ಹಳೇ ಮೂರೂ ಭಾಗದ ರೀಲು ಕತ್ತರಿಸಿ ಅಂಟಿಸಿದ್ದು! 'ಅಯ್ಯೋ, ಇಂಥಾ ಮೋಸನಾ' ಅಂತ ಹಲ್ಲು ಕಡೀಬೇಡಿ. ನಿಮ್ಮಂಥ ಪತ್ತೇದಾರರಿಗೆ ಇದಕ್ಕಿಂತ ದೊಡ್ಡ ಹಬ್ಬ ಉಂಟೇ? ಯಾವ ಕಚ್ಚಾಟ ಯಾವ ಭಾಗದಿಂದ ಕದ್ದಿದ್ದು ಅಂತ ಕಂಡುಹಿಡಿದು ಮೀಸೆ ತಿರುವ್ಕೊಳ್ಳಿ. ಆದ್ರೆ ಕಳ್ಳನ್ನ ಹಿಡೀಬೇಕು ಅಂದ್ರೆ ನಾಲ್ಕನ್ನೂ ಕೂತು ಪೂರ್ತಿ ನೋಡ್ಲೇಬೇಕು, ಏನಂತೀರಿ?